ಕಲಾಶಾಲೆಗೆ ಕತ್ತಲೆಕೋಣೆ ಬೇಕು
ಫಿಲ್ಮ್ ಛಾಯಾಗ್ರಹಣವನ್ನು ಹಳೆಯ ಹವ್ಯಾಸವೆಂದು ಬದಿಗಿಡುವ ಕಲಾಶಾಲೆಗಳು ವಿದ್ಯಾರ್ಥಿಗಳಿಗೆ ನಷ್ಟ ಮಾಡುತ್ತಿವೆ. ಬೆಳಕಿನ ಗುಣವನ್ನು ಕೈಯಾರೆ ಅರಿಯಲು ಕತ್ತಲೆಕೋಣೆಗಿಂತ ಒಳ್ಳೆಯ ಜಾಗವಿಲ್ಲ. 1920ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಛಾಯಾಗ್ರಾಹಕರಾದ ಮ್ಯಾನ್ ರೇ ಮತ್ತು ಲೀ ಮಿಲ್ಲರ್ ರೂಢಿಸಿಕೊಂಡ ಸೋಲರೈಸೇಷನ್ ನೋಡಿ. ಡೆವಲಪರ್‌ನಲ್ಲಿರುವ ನೆಗೆಟಿವ್ ಮೇಲೆ ನಡುವೆಯೇ ಬೆಳಕು ಬಿದ್ದರೆ ಕಪ್ಪು ಬಿಳುಪು ಭಾಗಶಃ ಅದಲುಬದಲಾಗಿ, ಆಕೃತಿಯ ಅಂಚಿಗೆ ಗೆರೆ ಮೂಡುತ್ತದೆ. ಮೊದಲ ಬಾರಿ ಲೈಟು ಹತ್ತಿದ್ದು ಆಕಸ್ಮಿಕವೆಂದು ಮಿಲ್ಲರ್ ಹೇಳುತ್ತಿದ್ದರು. ಆದರೆ ಅದೇ ಗೆರೆಯನ್ನು ಬೇಕೆಂದಾಗ ತರಿಸಲು ಬೆಳಕು, ಸಮಯ, ರಾಸಾಯನಿಕ ಮೂರರ ಮೇಲೂ ಹಿಡಿತ ಬೇಕಾಯಿತು. ಅಮೆರಿಕದ ಛಾಯಾಗ್ರಾಹಕ ಜೆರಿ ಯೂಲ್ಸ್‌ಮನ್ ಹಲವು ಎನ್ಲಾರ್ಜರ್‌ಗಳನ್ನು ಸಾಲಾಗಿಟ್ಟು, ಒಂದೇ ಕಾಗದದ ಮೇಲೆ ಬೇರೆ ಬೇರೆ ನೆಗೆಟಿವ್‌ಗಳನ್ನು ಬೆಸೆದರು. 1967ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಏಕವ್ಯಕ್ತಿ ಪ್ರದರ್ಶನ ಏರ್ಪಡಿಸಿದಾಗ ಫೋಟೋಶಾಪ್ ಬರಲು ಇನ್ನೂ ಎರಡು ದಶಕಗಳಿದ್ದವು.

ಸಾಫ್ಟ್‌ವೇರ್ ಇದನ್ನೆಲ್ಲ ಕ್ಷಣದಲ್ಲಿ ಮಾಡುತ್ತದಲ್ಲ ಎಂಬ ಆಕ್ಷೇಪ ನಿಜವೇ. ಫಲ ಸಿಗುತ್ತದೆ, ಕಾರಣ ಹುಡುಕುವ ಒತ್ತಾಯ ಮಾತ್ರ ಇರುವುದಿಲ್ಲ, ಕಲಿಯುವವರಿಗೆ ನಿಜವಾಗಿ ಬೇಕಾದದ್ದು ಆ ಒತ್ತಾಯವೇ. ಖರ್ಚಿನ ಮಾತು ಇನ್ನೂ ಗಂಭೀರ, ಫಿಲ್ಮ್ ರೋಲು ಇಂದು ದುಬಾರಿ. ಆದರೆ ವಸ್ತುಗಳನ್ನು ನೇರವಾಗಿ ಕಾಗದದ ಮೇಲಿಟ್ಟು ಬೆಳಕು ಬಿಡುವ ಫೋಟೋಗ್ರಾಮಿಗೆ ಕ್ಯಾಮೆರಾವೇ ಬೇಡ. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸೈನೊಟೈಪ್‌ಗೆ ಎರಡು ಲವಣ, ಕಾಗದ, ಬಿಸಿಲು, ತೊಳೆಯಲು ನೀರು ಸಾಕು. ಮರುವರ್ಷವೇ ಆನಾ ಆಟ್ಕಿನ್ಸ್ ಇದೇ ವಿಧಾನದಲ್ಲಿ ಕಡಲಪಾಚಿಗಳ ನೀಲಿ ಮುದ್ರೆಗಳ ಪುಸ್ತಕ ಹೊರತರಲು ಶುರುಮಾಡಿದ್ದರು. ನಮ್ಮ ಕಾಲೇಜುಗಳು ಅಲ್ಲಿಂದಲೇ ಆರಂಭಿಸಬಹುದು. ಮುಂದೆ ಫಿಲ್ಮ್ ತೊಳೆಯುವ ಹಂತಕ್ಕೆ ಹೋದಾಗ, ಬೆಳ್ಳಿ ಬೆರೆತ ಬಳಸಿದ ಫಿಕ್ಸರ್ ದ್ರಾವಣವನ್ನು ಚರಂಡಿಗೆ ಸುರಿಯದೆ ಸಂಗ್ರಹಿಸಿ ವಿಲೇವಾರಿ ಮಾಡುವ ಹೊಣೆಯನ್ನೂ ಅವೇ ಹೊರಬೇಕು.