ಗಾಡಿಯ ದಾರಿ ಗೊತ್ತು, ಗಟಾರದ್ದು?

ಈ ವಾರ ಬರೆಯಬೇಕೆಂದುಕೊಂಡಿದ್ದು ಗಡಿಯ ಕನ್ನಡ ಶಾಲೆಗಳ ಬಗ್ಗೆ. ಮೊದಲ ಎರಡು ಸಾಲು ಬರೆದೂ ಆಗಿತ್ತು. ಅಷ್ಟರಲ್ಲಿ ಮಂಗಳವಾರ ಬೆಳಗ್ಗೆ ಆರೂವರೆಗೆ ನಮ್ಮ ಬಚ್ಚಲು ಹಿಂದಿನ ದಿನ ನುಂಗಿದ್ದನ್ನೆಲ್ಲ ಮರಳಿ ಒಪ್ಪಿಸತೊಡಗಿತು. ಮೊದಲು ಚಹಾಪುಡಿ, ಆಮೇಲೆ ಉಳ್ಳಾಗಡ್ಡಿ ಸಿಪ್ಪೆ. ಮೂರನೆಯದಾಗಿ ಬಂದದ್ದನ್ನು ಹೇಳುವುದಿಲ್ಲ; ನೀವು ಚಹಾ ಕುಡಿಯುತ್ತ ಓದುತ್ತಿರಬಹುದು.

ಅಂದು ನಮ್ಮ ಓಣಿಗೆ ನೀರು ಬರುವ ದಿನ. ಮಹಾರಾಷ್ಟ್ರದ ಗಡಿಯ ನಮ್ಮ ಹೋಟಗಿಯ ಸುತ್ತಮುತ್ತ ಬದುಕುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಉಜನಿ ಅಣೆಕಟ್ಟು ನಮ್ಮ ಜಿಲ್ಲೆಯಲ್ಲೇ ಇದ್ದರೂ ಸೋಲಾಪುರ ಶಹರದವರೇ ನಳದ ನೀರಿಗೆ ನಾಲ್ಕೈದು ದಿನ ಕಾಯುತ್ತಾರೆ, ನಮ್ಮ ಮಾತೇನು? ನೀರು ಬಂತೆಂದರೆ ವಾರದ ಕೆಲಸವೆಲ್ಲ ಅಂದೇ. ಫರಸಿ ತೊಳೆಯುವುದು, ತಲೆಸ್ನಾನ, ಚಾದರ ಒಗೆಯುವುದು. ಒದ್ದೆಯಾದ ಸೋಲಾಪುರಿ ಚಾದರ ಎಷ್ಟು ನೀರು ಕುಡಿಯುತ್ತದೆ ಎಂಬುದು ಒಗೆದವರಿಗೇ ಗೊತ್ತು. ಉಳಿದ ನಾಲ್ಕು ದಿನ ಪೈಪಿನಲ್ಲಿ ಹೋಗುವುದು ಚೊಂಬಿನ ಲೆಕ್ಕದ ನೀರು. ಗಟ್ಟಿಯಾದದ್ದನ್ನು ತಳ್ಳಿಕೊಂಡು ಹೋಗಲು ಅದಕ್ಕೆ ಕಸುವಿಲ್ಲ, ನಡುದಾರಿಯಲ್ಲೇ ಕೂರಿಸಿಬಿಡುತ್ತದೆ. ಐದನೆಯ ದಿನ ಒಮ್ಮೆಲೇ ಹೊಳೆ ಬರುತ್ತದೆ. ಆಗ ಕೂತದ್ದು ಏಳುವುದಿಲ್ಲ, ಬಂದದ್ದಕ್ಕೆ ದಾರಿಯಿಲ್ಲ.

ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಹಣಿಕಿ ನೋಡಿದರು. ಬಾಯಲ್ಲಿ ಬ್ರಶ್ಶು. "ಡ್ರೇನೇಜ್ ತುಂಬ್ಯದೇನ್ರಿ ಕಾಕಾ? ಯಾರನ್ನರ ಕರಿಸಿ ಒಳಗ ಇಳಸ್ರಿ. ಐದನೂರು ಕೊಟ್ರ ಬರ್ತಾರ."

ಕನ್ನಡ ಶಾಲೆಯ ಅಂಕಣ ಅಲ್ಲಿಗೆ ಮುಗಿಯಿತು. ಹಲ್ಲು ತಿಕ್ಕುತ್ತ ಹೇಳಿದ ಆ 'ಇಳಸ್ರಿ' ಇಡೀ ದಿನ ಕಿವಿಯಲ್ಲಿ ಕೂತಿತ್ತು.

ಇದು ಇದ್ದಕ್ಕಿದ್ದಂತೆ ಬಂದ ಆಪತ್ತು ಎಂದು ನಾನು ನಾಲ್ಕು ಮಂದಿಗೆ ಫೋನಿನಲ್ಲಿ ಹೇಳಿದೆ. ಸುಳ್ಳು. ಹದಿನೈದು ದಿನದಿಂದ ಸಂಡಾಸಕ್ಕೆ ನೀರು ಸುರಿದಾಗಲೆಲ್ಲ ಬಚ್ಚಲ ಜಾಳಿಗೆಯೊಳಗಿಂದ ಗುಳುಗುಳು ಸದ್ದು ಬರುತ್ತಿತ್ತು. "ಬಚ್ಚಲದಾಗ ಯಾರೋ ಗುಡಗುಡಿ ಸೇದಿದಂಗ ಆಗ್ಲಿಕತ್ತದ" ಎಂದು ನಮ್ಮಾಕಿ ಎರಡು ಸಲ ಹೇಳಿದ್ದಳು. "ಹವಾ ತುಂಬ್ಯದ, ತಾನೇ ಹೋಗ್ತದ" ಅಂದಿದ್ದೆ. ಒಂದು ಕಡೆ ನೀರು ಹಾಕಿದರೆ ಇನ್ನೊಂದು ಕಡೆ ಸದ್ದಾಗುತ್ತದೆ ಎಂದರೆ ಎರಡೂ ಸೇರುವ ಪೈಪು ಕಟ್ಟಿಕೊಳ್ಳುತ್ತಿದೆ ಎಂದೇ ಅರ್ಥ. ಇದು ನನಗೆ ಗೊತ್ತಾದದ್ದು ಮಂಗಳವಾರ ಮಧ್ಯಾಹ್ನ. ಹದಿನೈದು ದಿನ ಮುಂಚೆ ನೋಟೀಸು ಕೊಟ್ಟು ಬಂದದ್ದನ್ನು ತುರ್ತುಸ್ಥಿತಿ ಎನ್ನುವುದು ನಮ್ಮ ಆಡಳಿತದ ಭಾಷೆ. ಮನೆಯಲ್ಲೂ ಅದನ್ನೇ ಆಡುತ್ತೇವೆ.

ಮೊದಲ ಕೆಲಸ, ನೀರು ಬಂದ್ ಮಾಡುವುದು. ಬಚ್ಚಲು ಉಕ್ಕುತ್ತಿದ್ದರೂ ಮಾಳಿಗೆಯ ಮೇಲೆ ಬಟ್ಟೆ ಒಗೆಯುವ ಮಷಿನ್ ತಿರುಗುತ್ತಲೇ ಇತ್ತು. ಅದು ಚೆಲ್ಲುವ ಪ್ರತಿ ಕೊಡ ನೀರೂ ಕೆಳಗಿನ ಬಚ್ಚಲಲ್ಲೇ ಏಳುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ಕೆಳಗಿರುವ ತೂತಿಗೆ ಎಲ್ಲರ ಪಾಪ. ಎರಡನೆಯ ಕೆಲಸ, ಹೊರಗಿನ ಚೇಂಬರ್ ತೆರೆದು ನೋಡುವುದು. ಚೇಂಬರ್ ತುಂಬಿದ್ದರೆ ತೊಡಕು ಅದರ ಆಚೆ. ಖಾಲಿ ಇದ್ದರೆ ಮನೆಗೂ ಚೇಂಬರಿಗೂ ನಡುವೆ. ಇಷ್ಟೇ ವಿದ್ಯೆ. ಇದಕ್ಕೆ ಇಂಜಿನಿಯರಿಂಗ್ ಬೇಡ, ಕಣ್ಣಿದ್ದರೆ ಸಾಕು.

ಆದರೆ ಚೇಂಬರ್ ಎಲ್ಲಿದೆ?

ನನ್ನ ಹಳೆಯ ತಕರಾರು ಒಂದಿದೆ, ಓದುಗರು ಇನ್ನೊಮ್ಮೆ ಸಹಿಸಬೇಕು. ಹೋಟಗಿ ಜಂಕ್ಷನ್ ಊರು. ಇಲ್ಲಿಯ ಎಂಟು ವರ್ಷದ ಹುಡುಗನನ್ನು ನಿಲ್ಲಿಸಿ ಕೇಳಿ, ಉದ್ಯಾನ ಎಕ್ಸ್‌ಪ್ರೆಸ್ ನೆಟ್ಟಗೆ ಕಲಬುರಗಿ, ವಾಡಿಯ ಕಡೆ ಹೋಗುತ್ತದೆ, ಗೋಳಗುಮ್ಮಟ ಎಕ್ಸ್‌ಪ್ರೆಸ್ ಹೊರಳಿ ವಿಜಯಪುರದ ದಾರಿ ಹಿಡಿಯುತ್ತದೆ ಎಂದು ಹೇಳುತ್ತಾನೆ. ಗದಗಿನ ಹಳಿ ಮೀಟರ್ ಗೇಜ್ ಇದ್ದ ಕಾಲದ ಕತೆಯನ್ನು ಕಟ್ಟೆಯ ಮೇಲಿನ ಹಿರಿಯರು ನಿಲ್ದಾಣ ನಿಲ್ದಾಣ ಬಿಡದೆ ಒಪ್ಪಿಸುತ್ತಾರೆ. ಅವರನ್ನೇ ಕೇಳಿ: ನಿಮ್ಮ ಮನೆಯ ಸಂಡಾಸದ ಪೈಪು ಎಲ್ಲಿ ಹೊರಳುತ್ತದೆ, ಎಲ್ಲಿ ಕೂಡುತ್ತದೆ, ಎಲ್ಲಿ ಮುಟ್ಟುತ್ತದೆ? ಮುಖ ಆಚೆ ತಿರುಗುತ್ತದೆ. ನಾನೂ ಆ ಪೈಕಿಯೇ. ಕಟ್ಟಿಸಿದ ಮನೆ ನನ್ನದು. ಬಾಗಿಲಿಗೆ ಯಾವ ಕಟ್ಟಿಗೆ ಹಾಕಿಸಿದೆ, ದೇವರ ಮನೆ ಯಾವ ದಿಕ್ಕಿಗೆ, ಎಲ್ಲ ನೆನಪಿದೆ. ಚೇಂಬರ್ ಮಾತ್ರ, ಮಗಳ ಮದುವೆಯ ಹೊತ್ತಿಗೆ ಅಂಗಳಕ್ಕೆ ಹಾಕಿಸಿದ ಫರಸಿಯ ಕೆಳಗೆಲ್ಲೋ ಇತ್ತು. ಕಟ್ಟಿದ ಗೌಂಡಿ ಈಗಿಲ್ಲ. ನಕ್ಷೆ ಅವನ ತಲೆಯಲ್ಲಿತ್ತು.

ಕಡೆಗೆ ಸಬ್ಬಲಿನ ತುದಿಯಿಂದ ಫರಸಿ ತಟ್ಟುತ್ತ ಹೋದೆ. ಟೊಳ್ಳು ಸದ್ದು ಬಂದದ್ದು ತುಳಸಿಕಟ್ಟೆಯ ಪಕ್ಕ. ಮೇಲಿನ ಹಾಸು ಒಡೆದರೆ ಕೆಳಗೆ ಶಹಾಬಾದಿ ಕಲ್ಲಿನ ಮುಚ್ಚಳ, ಅದರ ಕೆಳಗೆ ಅಂಚಿನವರೆಗೂ ಕಪ್ಪು ನೀರು. ಅಂದರೆ ತೊಡಕು ಆಚೆ.

ಅಷ್ಟರಲ್ಲಿ ಸಲಹೆಗಳು ಬಂದು ಬಾಗಿಲಲ್ಲಿ ಸಾಲು ನಿಂತಿದ್ದವು. ಒಬ್ಬರು ಆ್ಯಸಿಡ್ ಸುರಿಯಿರಿ ಎಂದರು. ಇನ್ನೊಬ್ಬರು ಬ್ಲೀಚಿಂಗ್ ಪೌಡರ್ ಎಂದರು. ಎರಡೂ ಕೂಡಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಬಚ್ಚಲು ಬಿಡುವ ಮುಂಚೆ ನಮ್ಮ ಉಸಿರು ಬಿಟ್ಟೀತು ಎಂದು ಯಾರೂ ಹೇಳಲಿಲ್ಲ. ಇನ್ನು ನಿಂತ ನೀರಿಗೆ ಆ್ಯಸಿಡ್ ಹಾಕಿದರೆ ಅದು ತೊಡಕಿನವರೆಗೆ ಹೋಗುವುದೂ ಇಲ್ಲ, ಸುಮ್ಮನೆ ಕಾದು ಕೂರುತ್ತದೆ. ಆಮೇಲೆ ಸರಳು ಹಾಕಲು ಬಂದವನ ಕೈಗೆ, ಕಣ್ಣಿಗೆ ಸಿಡಿಯುತ್ತದೆ.

ಹತ್ತು ಗಂಟೆಗೆ ಸರಳು ಹಾಕುವ ಯುವಕ ಬಂದ. ಉದ್ದನೆಯ ಸ್ಪ್ರಿಂಗು, ಮೊಣಕೈವರೆಗಿನ ರಬ್ಬರ್ ಕೈಗವಸು. ಚೇಂಬರಿನ ಬಾಯಿಯ ಬಳಿ ಕುಕ್ಕರಗಾಲಲ್ಲಿ ಕೂತು, ಒಳಗೆ ತಲೆ ಹಾಕದೆ, ಮುಖ ಪಕ್ಕಕ್ಕಿಟ್ಟು ಸ್ಪ್ರಿಂಗು ತಿರುವುತ್ತಿದ್ದ. ಹನ್ನೆರಡು ಅಡಿ ಹೋಗಿ ನಿಂತಿತು. ಎಳೆದರೆ ಬಂದದ್ದು ಕೂದಲಿನ ಒಂದು ಗಂಟು. ಅದರಲ್ಲಿ ಪಾತ್ರೆ ತಿಕ್ಕುವ ನಾರು, ಮೂರು ಶಾಂಪೂ ಚೀಟಿ, ಸುತ್ತಲೂ ಶೇಂಗಾ ಎಣ್ಣೆಯ ಹಳದಿ ಜಿಡ್ಡು ಮೇಣದಂತೆ ಹೆಪ್ಪುಗಟ್ಟಿತ್ತು. ಅಡುಗೆಮನೆಯ ಮೋರಿ ಸಂಡಾಸದ ಪೈಪಿಗೆ ಕೂಡಿದೆ ಎಂಬುದು ನನಗೆ ತಿಳಿದದ್ದು ಆ ಜಿಡ್ಡಿನಿಂದ. ಒಂದು ಪೈಪು ಉಳಿಸಿದ ಜಾಣ ಗೌಂಡಿಗೆ ನಾನೇ ಅಂದು ಶಾಲು ಹೊದಿಸಿದ್ದೆ.

"ಕಾಕಾ, ಇದನ್ನ ತೆಗದ್ರೂ ಮತ್ತ ಬರ್ತದ" ಎಂದ. "ಪೈಪಿಗೆ ಇಳಕಲೇ ಇಲ್ರಿ. ನಡುವ ಜೋತು ಬಿದ್ದದ."

ನಾಲ್ಕಿಂಚಿನ ಪೈಪಿಗೆ ಹತ್ತು ಅಡಿಗೆ ಮೂರಿಂಚು ಇಳಿಜಾರು ಬೇಕು. ಕಡಿಮೆಯಾದರೆ ನಿಲ್ಲುತ್ತದೆ, ಬಹಳ ಕಡಿದಾದರೆ ನೀರು ಮುಂದೆ ಓಡಿ ಮಲ ಹಿಂದೆ ಉಳಿಯುತ್ತದೆ. ನಮ್ಮ ಪೈಪು ಹಾಕಿದಾಗ ಇಳಿಜಾರು ಇದ್ದಿರಬಹುದು. ಆದರೆ ಇದು ಎರೆಮಣ್ಣಿನ ಸೀಮೆ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಬಿಳಿಜೋಳಕ್ಕೆ ತಾಯಿಯಂಥ ಮಣ್ಣು, ಪೈಪಿಗೆ ಮಲತಾಯಿ. ಕೆಳಗೆ ಉಸುಕಿನ ಹಾಸಿಗೆ ಹಾಕದೆ ಮಣ್ಣಲ್ಲಿ ಮಲಗಿಸಿದ ಪೈಪು ವರ್ಷಕ್ಕೊಮ್ಮೆ ಎದ್ದು ವರ್ಷಕ್ಕೊಮ್ಮೆ ಕೂತು ಕಡೆಗೆ ನಡು ಮುರಿದುಕೊಳ್ಳುತ್ತದೆ. ಇಂಗುಗುಂಡಿಯ ಗತಿಯೂ ಅಷ್ಟೇ. ಮಳೆಗಾಲದ ಎರೆಮಣ್ಣು ಒಂದು ಹನಿಯನ್ನೂ ಇಂಗಿಸಿಕೊಳ್ಳುವುದಿಲ್ಲ. ರೈಲ್ವೆಯವರು ಇದೇ ಮಣ್ಣಿನ ಮೇಲೆ ಹಳಿ ಹಾಕಿದ್ದಾರೆ. ಏರಿ ಕಟ್ಟಿ, ಖಡಿ ಹಾಸಿ, ಇಳಿಜಾರನ್ನು ಅಳೆದು ಕಲ್ಲಿನ ಮೇಲೆ ಬರೆದು ನೆಟ್ಟಿದ್ದಾರೆ. ನಾವು ಅಳೆದದ್ದು ಬಾಗಿಲ ಚೌಕಟ್ಟಿನ ಆಯ ಮಾತ್ರ.

ಟಾಕಿಯೂ ತುಂಬಿತ್ತು. ಎರಡು-ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕಾದದ್ದನ್ನು ನಾವು ಹನ್ನೊಂದು ವರ್ಷದಿಂದ ಮುಟ್ಟಿರಲಿಲ್ಲ. ನಮ್ಮ ಕಡೆ ಸೆಪ್ಟಿಕ್ ಟ್ಯಾಂಕಿಗೆ ಎಲ್ಲರೂ 'ಸೇಫ್ಟಿ ಟಾಕಿ' ಎನ್ನುತ್ತಾರೆ. ನಗೆಯಲ್ಲ ಇದು. ಅದರೊಳಗೆ ಮಲ ಕೊಳೆತು ಹುಟ್ಟುವ ಗಾಳಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಒಂದು. ಸ್ವಲ್ಪ ಇದ್ದಾಗ ಕೊಳೆತ ತತ್ತಿಯ ನಾತ. ಹೆಚ್ಚಾದರೆ ಮೂಗನ್ನೇ ಸಾಯಿಸುತ್ತದೆ, ನಾತವೇ ಬರುವುದಿಲ್ಲ. 'ನಾತ ಹೋಯ್ತು, ಈಗ ಇಳಿ' ಎಂದು ಮೇಲೆ ನಿಂತವರು ಹೇಳುವ ಹೊತ್ತೇ ಸಾವಿನ ಹೊತ್ತು. ಒಬ್ಬ ಬಿದ್ದ, ಎತ್ತಲು ಹೋದ ಎರಡನೆಯವನೂ ಬಿದ್ದ ಎಂಬ ಸುದ್ದಿ ನಿಮಗೆ ಹೊಸದಲ್ಲ. ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ. 2022ರಲ್ಲಿ ಕೇಂದ್ರ ಸರಕಾರವೇ ಲೋಕಸಭೆಗೆ ಕೊಟ್ಟ ಲೆಕ್ಕ: ಗಟಾರ, ಟಾಕಿ ಬಳಿಯಲು ಇಳಿದು ಐದು ವರ್ಷದಲ್ಲಿ ಸತ್ತವರು 347 ಮಂದಿ.

ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ತಲೆಯ ಮೇಲೆ ಮಲ ಹೊರುವುದಕ್ಕೆ ನಿಷೇಧ ಬಂತು. ತಲೆಯಿಂದ ಇಳಿಸಿದೆವು, ಆಮೇಲೆ ಮನುಷ್ಯನನ್ನೇ ಒಳಗೆ ಇಳಿಸಿದೆವು. ಕೈಯಿಂದ ಮಲ ಬಳಿಸುವುದನ್ನು ನಿಷೇಧಿಸುವ 2013ರ ಕಾಯ್ದೆ ಬಂದು ಇಷ್ಟು ವರ್ಷವಾಯಿತು. ರಕ್ಷಣೆಯ ಸಾಮಾನಿಲ್ಲದೆ ಗಟಾರಕ್ಕೆ, ಟಾಕಿಗೆ ಒಬ್ಬರನ್ನು ಇಳಿಸಿದರೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು ಇಲ್ಲವೆ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದು ಪಂಚಾಯ್ತಿಗೆ, ಗುತ್ತಿಗೆದಾರನಿಗೆ ಮಾತ್ರವಲ್ಲ, ತುಳಸಿಕಟ್ಟೆಯ ಪಕ್ಕ ಚೇಂಬರ್ ಇಟ್ಟುಕೊಂಡ ನನಗೂ ಅನ್ವಯ. ಸುಪ್ರೀಂ ಕೋರ್ಟು 2014ರಲ್ಲಿ ಸತ್ತವರ ಮನೆಗೆ 10 ಲಕ್ಷ ಎಂದಿತು, 2023ರ ಅಕ್ಟೋಬರಿನಲ್ಲಿ 30 ಲಕ್ಷ ಎಂದಿತು. ನಮ್ಮ ಓಣಿಯಲ್ಲಿ ದರ ಇನ್ನೂ ಐದುನೂರು. ಶಹರಗಳಿಗೆಂದು 2020ರಲ್ಲಿ 14420 ಎಂಬ ಸಹಾಯವಾಣಿ ಮಾಡಿದರು. ಹಳ್ಳಿಯ ಟಾಕಿಯೊಳಗೂ ಅದೇ ಗಾಳಿ ಹುಟ್ಟುತ್ತದೆ ಎಂದು ಅವರಿಗೆ ಯಾರಾದರೂ ಹೇಳಬೇಕು.

ನಾನು ಇಳಿಸಲಿಲ್ಲ. ಇದರಲ್ಲಿ ದೊಡ್ಡತನವೇನೂ ಇಲ್ಲ. ಆ ಯುವಕನೇ ಮೊದಲ ಮಾತಿನಲ್ಲಿ "ಇಳಿಯಂಗಿಲ್ರಿ, ಮೊದಲ ಹೇಳ್ತೀನಿ" ಅಂದಿದ್ದ. ಟಾಕಿ ಎಳೆಯುವ ಗಾಡಿಯ ನಂಬರನ್ನೂ ಅವನೇ ಕೊಟ್ಟ. ಗಾಡಿ ಬಂತು, ನಲವತ್ತು ನಿಮಿಷದಲ್ಲಿ ಹನ್ನೊಂದು ವರ್ಷದ್ದನ್ನು ಹೀರಿಕೊಂಡಿತು. ಮರುದಿನ ಹನ್ನೆರಡು ಅಡಿ ಅಗೆಸಿ, ಉಸುಕು ಹಾಕಿ, ನೀರುಮಟ್ಟ ಹಿಡಿದು ಪೈಪು ಕೂರಿಸಿದೆವು. ಈ ಸಲ ನಕ್ಷೆ ಬರೆದು ಕರೆಂಟ್ ಬಿಲ್ಲಿನ ಕಡತದಲ್ಲಿಟ್ಟಿದ್ದೇನೆ.

ಒಂದು ಮಾತು ಮುಚ್ಚಿಡಬಾರದು. ಅಂದು ಎಲ್ಲರಿಗೂ ಚಹಾ ಆಯಿತು. ನಮಗೆ, ಸಲಹೆಗಾರರಿಗೆ ಸ್ಟೀಲಿನ ಲೋಟದಲ್ಲಿ. ಆ ಯುವಕನಿಗೆ ಕಾಗದದ ಕಪ್ಪಿನಲ್ಲಿ. ಯಾರೂ ಹೇಳಿ ಮಾಡಿಸಿದ್ದಲ್ಲ, ಕೈ ತಾನೇ ಹೋಗಿ ಕಾಗದದ ಕಪ್ಪು ತೆಗೆದಿತ್ತು. ಕುಡಿದು ಮುದುಡಿ ತನ್ನ ಜೇಬಿಗೇ ಹಾಕಿಕೊಂಡ. ನನಗೆ ಹೊಳೆದದ್ದು ಅವನ ಮೋಟಾರ್‌ಸೈಕಲ್ಲು ಗೇಟು ದಾಟಿದ ಮೇಲೆ.

ಟಾಕಿ ಎಳೆದ ಗಾಡಿಯವನನ್ನು ಕೇಳಿದೆ, "ಇದನ್ನ ಎಲ್ಲಿ ಹಾಕ್ತೀಯೋ ತಮ್ಮಾ?" ನಕ್ಕ. "ಅದೊಂದು ಕೇಳಬ್ಯಾಡ್ರಿ."

ಕೇಳದೆಯೂ ಗೊತ್ತು. ಈ ಸೀಮೆಯ ಹಳ್ಳಗಳೆಲ್ಲ ಕಡೆಗೆ ಮುಟ್ಟುವುದು ಭೀಮೆಯನ್ನು. ಹತ್ತರಸಂಗ-ಕೂಡಲದಲ್ಲಿ ಸೀನಾ ನದಿ ಭೀಮೆಯನ್ನು ಕೂಡುತ್ತದೆ, ಅಲ್ಲಿಂದ ಮುಂದೆ ನೀರು ಕರ್ನಾಟಕದ ದಾರಿ ಹಿಡಿಯುತ್ತದೆ. ದಕ್ಷಿಣ ಸೋಲಾಪುರದ ಹಳ್ಳಿಗಳೂ ಅಕ್ಕಲಕೋಟೆಯೂ ಆಚೆ ಸೇರಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿತು, ಇಂದಿಗೂ ಜಗ್ಗಾಟ ಮುಗಿದಿಲ್ಲ. ನಮ್ಮ ಟಾಕಿಯ ಮಾಲು ಮಾತ್ರ ಯಾವ ಆಯೋಗವನ್ನೂ ಕೇಳದೆ ಮಳೆಗಾಲಕ್ಕೊಮ್ಮೆ ಕರ್ನಾಟಕದಲ್ಲಿ ವಿಲೀನವಾಗುತ್ತಿದೆ. ಉಜನಿಯಲ್ಲಿ ಭೀಮೆಯಿಂದ ಎತ್ತಿ ತಂದದ್ದನ್ನು ಭೀಮೆಗೇ ಹೀಗೆ ಮರಳಿಸುತ್ತಿದ್ದೇವೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟುವುದನ್ನೇ ಪೂಜೆ ಎಂದುಕೊಂಡಿದ್ದ. ಅದೇ ಸೊನ್ನಲಿಗೆ, ಅಂದರೆ ಇಂದಿನ ಸೋಲಾಪುರ, 2016ರಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಒಂಬತ್ತನೆಯ ನಂಬರಿಗೆ ಬಂತು. ನೀರು ತರುವವನನ್ನು ಗದ್ದುಗೆಯ ಮೇಲೆ ಕೂರಿಸುತ್ತೇವೆ. ಬಳಸಿದ ನೀರನ್ನು ಹೊರಗೆ ದಾಟಿಸುವವನಿಗೆ ಕಾಗದದ ಕಪ್ಪು.

ಶನಿವಾರ ಪಕ್ಕದ ಮನೆಯವರು ಅಂಗಳಕ್ಕೆ ಹೊಸ ಫರಸಿ ಹಾಕಿಸಿದರು. ಥಳಥಳ ಹೊಳೆಯುತ್ತಿತ್ತು. ಮೂಲೆಗೆ ಕಾಯಿ ಒಡೆದಿದ್ದರು. ನೋಡಲು ಕರೆದರು, ಹೋದೆ.

"ಚಂದ ಆಗ್ಯದ್ರಿ. ಚೇಂಬರ್ ಎಲ್ಲಿಟ್ಟೀರಿ?"

"ಕೆಳಗ ಎಲ್ಲೋ ಅದ ಕಾಕಾ. ಈಗ ಕಾಣಂಗೇ ಇಲ್ಲ ನೋಡ್ರಿ!"

ಹುಣ್ಣಿಮೆಗೆ ಹೋಳಿಗೆ ಊಟಕ್ಕೆ ಕರೆದಿದ್ದಾರೆ. ಹೋಗುತ್ತೇನೆ. ಅಂದು ನಳಕ್ಕೆ ನೀರು ಬರುವ ದಿನವಲ್ಲ ಎಂದು ಕ್ಯಾಲೆಂಡರ್ ನೋಡಿಯೇ ಒಪ್ಪಿಕೊಂಡಿದ್ದೇನೆ.