ಯೋಗವೂ ಕ್ಷೇಮವೂ

ಮನೆಗೆ ಬಂದ ನೆಂಟರನ್ನು ನಾವು ಮೊದಲು ವಿಚಾರಿಸುವುದು ಯೋಗಕ್ಷೇಮವನ್ನು. ಬಳಕೆಯಿಂದ ಇದು ಒಂದೇ ಮಾತಿನಂತೆ ಕೇಳಿಸುವುದಾದರೂ ಇದರಲ್ಲಿ ಎರಡು ಪದಗಳಿರುವುವಷ್ಟೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಭಾಷ್ಯಕಾರರು ಹೀಗೆಯೇ ಅರ್ಥಮಾಡಿರುವರು. ಗೃಹಿಣಿಯರಿಗೆ ಈ ಭೇದವನ್ನು ವಿವರಿಸಬೇಕಾದುದೇ ಇಲ್ಲ. ಹೊಸ ತಾಮ್ರದ ಕೊಡವನ್ನು ಕೊಂಡುತರುವುದು ಒಂದು ದಿನದ ಸಂಭ್ರಮ. ಅದನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿ, ನೆಗ್ಗದಂತೆ ಇಟ್ಟುಕೊಳ್ಳುವುದು ವರ್ಷಗಟ್ಟಲೆಯ ಕೆಲಸ. ಸಂಸಾರಕ್ಕೆ ಸಲ್ಲುವ ಈ ನ್ಯಾಯವು ಸರ್ಕಾರದ ಅಣೆಕಟ್ಟು, ಕೆರೆ, ಕಾಲುವೆಗಳಿಗೂ ಸಲ್ಲತಕ್ಕದ್ದೆಂಬುದೇ ಈ ತಿಂಗಳ ವಿಚಾರ.

ನಮ್ಮ ಪೂರ್ವಿಕರು ಈ ಎರಡು ಪದಗಳನ್ನೂ ಸಮನಾಗಿ ಎಣಿಸಿದ್ದರು. ಕನ್ನಡ ನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯ ನಿರ್ಮಾಣಕ್ಕೂ ಅದರ ರಕ್ಷಣೆಗೂ ಮೀಸಲಾಗಿ ಬಿಟ್ಟ ಭೂಮಿ ಮತ್ತು ಆದಾಯಗಳ ಹೆಸರುಗಳಿವು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ ಬಳಿ 1369ನೆಯ ಇಸವಿಯ ಸಂಸ್ಕೃತ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಒದಗುವ ಆರು ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು ಆ ದೋಷಗಳಲ್ಲೊಂದು. ಜಿನುಗುವ ಹನಿಯನ್ನು ಅಲಕ್ಷಿಸಬಾರದೆಂದು ಬಲ್ಲವರು ಅಂದೇ ಅರಿತಿದ್ದರು.

ಇನ್ನು ನಮ್ಮ ಕಾಲಕ್ಕೆ ಬರೋಣ. 2024ನೆಯ ಇಸವಿ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಸಮೀಪದ ತುಂಗಭದ್ರಾ ಅಣೆಕಟ್ಟಿನಲ್ಲಿ 19ನೆಯ ಬಾಗಿಲಿನ ಸರಪಳಿಯು ಕಡಿದು, ಬಾಗಿಲು ಪ್ರವಾಹದಲ್ಲಿ ಕೊಚ್ಚಿಹೋಯಿತು. ಅಲ್ಲಿರುವ ಬಾಗಿಲುಗಳು 33. ಕಟ್ಟೆಯು 1953ರಲ್ಲಿ ಪೂರ್ಣವಾದದ್ದು. ಎಂದರೆ ಆಗ ಅದಕ್ಕೆ ಎಪ್ಪತ್ತು ವರ್ಷ ಮೀರಿತ್ತು. ಜಲಾಶಯವು ತುಂಬಿತ್ತು, ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ರೈತರೂ ನೆರೆಯ ಆಂಧ್ರ, ತೆಲಂಗಾಣಗಳ ರೈತರೂ ಅದನ್ನೇ ನಂಬಿಕೊಂಡಿದ್ದರು. ಒತ್ತಡವನ್ನು ತಗ್ಗಿಸುವುದಕ್ಕಾಗಿ ಉಳಿದ ಬಾಗಿಲುಗಳನ್ನೂ ತೆರೆದು, ಬೆಳೆಗೆಂದು ಕೂಡಿಟ್ಟ ನೀರನ್ನು ನದಿಗೆ ಬಿಡಬೇಕಾಯಿತು. ಬಳಿಕ ನಿವೃತ್ತ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ತಡೆಹಲಗೆಗಳನ್ನು ತುರ್ತಾಗಿ ಸಿದ್ಧಪಡಿಸಿ, ಹರಿಯುವ ನೀರಿನಲ್ಲಿಯೇ ಒಂದರ ಮೇಲೊಂದನ್ನು ಇಳಿಸಿ, ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಿದರು. ಆ ಕೆಲಸಗಾರರ ಧೈರ್ಯವು ಸ್ತುತ್ಯವಾದುದು. ಆದರೆ ಒಂದು ಸರಪಳಿಯ ಬೆಲೆಯೆಷ್ಟು, ಹರಿದುಹೋದ ನೀರಿನ ಬೆಲೆಯೆಷ್ಟು ಎಂಬುದನ್ನು ವಾಚಕರೇ ತೂಗಿನೋಡಲಿ.

ಸರಪಳಿ ಕಡಿದರೆ ಸದ್ದಾಗುತ್ತದೆ. ಹೂಳು ತುಂಬುವಾಗ ಸದ್ದೇ ಇಲ್ಲ. ಇದೇ ಜಲಾಶಯವು ಮೊದಲು ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು; ಈಗ ಹಿಡಿಯುವುದು ಸುಮಾರು 105. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಕಾಲುವೆಯ ತುದಿಯ ರೈತನು ತನ್ನ ಗದ್ದೆಗೆ ನೀರು ಬಾರದಿದ್ದಾಗ ಈ ಲೆಕ್ಕವನ್ನು ಚೆನ್ನಾಗಿ ಅರಿಯುತ್ತಾನೆ.

ಸರ್ಕಾರಕ್ಕೆ ಈ ವಿಷಯದಲ್ಲಿ ನೀತಿಯೇ ಇಲ್ಲವೆಂದು ಹೇಳಲಾಗದು. ನೀರಿನ ದರವು ವರ್ಷವರ್ಷದ ನಿರ್ವಹಣೆಯ ವೆಚ್ಚವನ್ನಾದರೂ ತುಂಬುವಂತಿರಬೇಕೆಂದು 1987ರ ರಾಷ್ಟ್ರೀಯ ಜಲನೀತಿಯೇ ಹೇಳಿತು. ನೀರು ಬಳಸುವವರ ಸಂಘಗಳಿಗೆ ಕರವನ್ನು ವಸೂಲುಮಾಡಿ ಅದರಲ್ಲೊಂದು ಭಾಗವನ್ನು ಇಟ್ಟುಕೊಳ್ಳುವ ಅಧಿಕಾರವಿರಬೇಕೆಂದು 2012ರ ನೀತಿಯು ಸೇರಿಸಿತು. ದೊಡ್ಡ ಅಣೆಕಟ್ಟುಗಳನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ ಪರೀಕ್ಷಿಸಬೇಕೆಂದೂ, ದುರಸ್ತಿಗಾಗಿ ಸಾಕಷ್ಟು ಹಣವನ್ನು ಪ್ರತ್ಯೇಕವಾಗಿ ಮೀಸಲಿಡಬೇಕೆಂದೂ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು ವಿಧಿಸಿತು. ಈ ಕಾಯಿದೆಗೆ ಮೂರು ವರ್ಷ ತುಂಬುವ ಮುನ್ನವೇ ಆ ಸರಪಳಿ ಕಡಿದದ್ದು. ವಿಧಿಯು ಗ್ರಂಥದಲ್ಲಿದ್ದರೆ ಸಾಲದು, ಅನುಷ್ಠಾನಕ್ಕೆ ಬರಬೇಕು.

ಬಾರದಿರುವುದೇಕೆ? ಹೊಸ ಕಟ್ಟೆಗೆ ಶಂಕುಸ್ಥಾಪನೆಯುಂಟು, ಕಲ್ಲಿನ ಮೇಲೆ ಹೆಸರುಂಟು. ಬಾಗಿಲಿಗೆ ಎಣ್ಣೆ ಹಾಕಿದವನ, ತೂಬಿನ ಕಸ ತೆಗೆದವನ ಹೆಸರನ್ನು ಕೆತ್ತಿಸಿದವರಿಲ್ಲ. ಅಪಾಯವಾಗದೆ ಕಳೆದ ವರ್ಷವನ್ನು ಯಾರೂ ಸಾಧನೆಯೆಂದು ಎಣಿಸುವುದಿಲ್ಲ. ಇತ್ತ ಪ್ರಜೆಗಳಾದ ನಾವೂ ನೀರಿನ ಕರವನ್ನು ಮನ್ನಾ ಮಾಡುವವರನ್ನೇ ಉದಾರಿಗಳೆಂದು ಹೊಗಳುತ್ತೇವೆ. ಕೊಡುವ ಕರವು ತಮ್ಮ ಕಾಲುವೆಗೇ ಹಿಂದಿರುಗುವುದೆಂಬ ನಂಬಿಕೆಯು ರೈತರಿಗೆ ಹುಟ್ಟಿದರೆ ಅವರು ಹಿಂಜರಿಯಲಾರರು. ಅದು ಹುಟ್ಟುವಂತೆ ಲೆಕ್ಕವನ್ನು ಊರ ಮುಂದಿಡುವುದು ಅಧಿಕಾರಿಗಳ ಧರ್ಮ.

ಆದುದರಿಂದ ನನ್ನ ವಿಜ್ಞಾಪನೆಯು ಇಷ್ಟೇ. ಪ್ರತಿ ಕಟ್ಟೆಗೂ ಕಾಲುವೆಗೂ ರಕ್ಷಣೆಯ ಹಣವನ್ನು ಹೊಸ ಕಾಮಗಾರಿಗಿಂತ ಮೊದಲು ತೆಗೆದಿಡಲಿ. ಪರೀಕ್ಷೆಯ ವರದಿಯು ಊರವರ ಕಣ್ಣಿಗೆ ಬೀಳುವಂತಿರಲಿ. ಇನ್ನು ಮುಂದೆ ತಮ್ಮ ಊರಿಗೆ ಬರುವ ಪ್ರತಿನಿಧಿಯನ್ನು ವಾಚಕರು ಏನನ್ನು ಹೊಸದಾಗಿ ಕಟ್ಟಿಸುವಿರಿ ಎಂದು ಕೇಳುವುದರೊಂದಿಗೆ, ಇರುವುದನ್ನು ಈ ವರ್ಷ ಯಾರು ನೋಡಿದರು, ಏನನ್ನು ಸರಿಪಡಿಸಿದರು ಎಂದೂ ಕೇಳಲಿ. ಯೋಗವನ್ನು ವಿಚಾರಿಸುವವರು ಬಹಳ ಮಂದಿ ಇದ್ದಾರೆ. ಕ್ಷೇಮವನ್ನು ವಿಚಾರಿಸುವವರು ಬೇಕಾಗಿದ್ದಾರೆ.