ಮದ್ದು ಒಂದು, ಮೈ ಹಲವು

ಪರದೇಶಗಳಲ್ಲಿ ಪರೀಕ್ಷೆಗೊಂಡ ಔಷಧಕ್ಕೆ ಇಲ್ಲಿ ಮರುಪರೀಕ್ಷೆ ಏತಕ್ಕೆಂಬ ವಾದವು ಈಚೆಗೆ ಬಲಗೊಂಡಿದೆ. ಅಮೆರಿಕ, ಬ್ರಿಟನ್, ಜಪಾನ್ ಮೊದಲಾದ ದೇಶಗಳಲ್ಲಿ ಅಂಗೀಕೃತವಾದ ಕೆಲವು ವರ್ಗಗಳ ಹೊಸ ಔಷಧಗಳಿಗೆ ದೇಶೀಯ ಪರೀಕ್ಷೆಯಿಂದ ವಿನಾಯಿತಿ ಕೊಡತಕ್ಕ ಆಜ್ಞೆಯು 2024ರ ಆಗಸ್ಟಿನಲ್ಲಿ ಹೊರಟಿತು. ವಿರಳ ರೋಗಗಳ ಮದ್ದು ರೋಗಿಗೆ ಬೇಗನೆ ದೊರೆಯಲೆಂಬ ಉದ್ದೇಶವು ಸ್ತುತ್ಯವೇ ಸರಿ. ಆದರೆ ಮದ್ದು ಒಂದೇ ಆದಮಾತ್ರಕ್ಕೆ ಮೈಯೂ ಒಂದೇ ಆಗುವುದೆ?

ಸಿಂಗಪುರದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇದಕ್ಕೆ ಉತ್ತರ ಹೇಳುತ್ತದೆ. ಅಲ್ಲಿಯೇ ವಾಸಿಸುವ ಆರೋಗ್ಯವಂತ ಬಿಳಿಯರು, ಚೀನೀಯರು, ಮಲಯರು, ಭಾರತೀಯರು ಇದರಲ್ಲಿ ಸ್ವಯಂಸೇವಕರಾಗಿದ್ದರು. ಕೊಲೆಸ್ಟರಾಲ್ ಇಳಿಸುವ ರೊಸುವಾಸ್ಟಾಟಿನ್ ಮದ್ದನ್ನು ಎಲ್ಲರಿಗೂ 40 ಮಿಲಿಗ್ರಾಂ ಪ್ರಮಾಣದಲ್ಲಿಯೇ ಕೊಡಲಾಯಿತು. ರಕ್ತದಲ್ಲಿ ಮದ್ದಿನ ಒಟ್ಟು ಪ್ರಮಾಣವು ಬಿಳಿಯರಿಗಿಂತ ಭಾರತೀಯರಲ್ಲಿ ಸುಮಾರು 1.6 ಪಟ್ಟು, ಚೀನೀಯರಲ್ಲಿ 2.3 ಪಟ್ಟು ಕಂಡುಬಂದಿತು. ಏಷ್ಯದ ಮೂಲದವರಿಗೆ 5 ಮಿಲಿಗ್ರಾಂನಿಂದ ಆರಂಭಿಸುವುದು ಯುಕ್ತವೆಂದು ಅಮೆರಿಕದವರೇ ಸೂಚನೆಯಿತ್ತರು.

ಇನ್ನು ಭಾರತೀಯರೆಲ್ಲರನ್ನೂ ಒಂದೇ ಗುಂಪೆಂದು ಎಣಿಸುವುದೂ ಸಲ್ಲದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಪೇಟೆಗಳಲ್ಲಿ ತಲೆತಲಾಂತರದಿಂದ ವ್ಯಾಪಾರ ನಡೆಸಿಕೊಂಡು ಬಂದಿರುವ ಆರ್ಯವೈಶ್ಯರನ್ನೇ ನೋಡಬಹುದು. ಶಸ್ತ್ರಕ್ರಿಯೆಯ ವೇಳೆ ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಅದನ್ನು ಕರಗಿಸುವ ಕಿಣ್ವದ ಹುಟ್ಟುಕೊರತೆಯು ಈ ಸಮಾಜದಲ್ಲಿ ಇತರರಿಗಿಂತ ಬಹಳ ಹೆಚ್ಚೆಂದು ಸಂಶೋಧಕರು ತೋರಿಸಿದ್ದಾರೆ. ಕೊರತೆಯುಳ್ಳವರಿಗೆ ಉಸಿರು ಮರಳಲು ಗಂಟೆಗಳೇ ಹಿಡಿಯಬಹುದು. ನಿತ್ಯಜೀವನದಲ್ಲಿ ಅವರು ಪೂರ್ಣ ಆರೋಗ್ಯವಂತರು. ತಮಗೆ ಈ ಕೊರತೆಯಿರುವುದು ಅವರಿಗೇ ತಿಳಿದಿರುವುದಿಲ್ಲ. ಒಳಗೊಳಗೇ ನಡೆದುಬಂದ ವಿವಾಹಸಂಬಂಧಗಳ ಫಲವಿದು, ಯಾರಿಗೂ ಕಳಂಕವಲ್ಲ. ಆ ಸಮಾಜದ ಎಲ್ಲರಲ್ಲಿಯೂ ಇದು ಇರುವುದಿಲ್ಲ, ಹೊರಗಿನವರಲ್ಲಿ ಇರಬಾರದೆಂದೂ ಇಲ್ಲ. ಆದುದರಿಂದ ಜಾತಿಯ ಹೆಸರು ಎಚ್ಚರಿಕೆಯ ಗಂಟೆಯಾಗಬಹುದೇ ಹೊರತು ನಿರ್ಣಯವಾಗಲಾರದು, ನಿರ್ಣಯವು ರಕ್ತಪರೀಕ್ಷೆಯದು.

ಆಗಬೇಕಾದ ಕಾರ್ಯಗಳು ಎರಡು. ಅರಿವಳಿಕೆ ಕೊಡುವ ಮುನ್ನ ಕುಟುಂಬದಲ್ಲಿ ಯಾರಿಗಾದರೂ ಉಸಿರು ಮರಳಲು ತಡವಾಗಿತ್ತೇ ಎಂಬ ಪ್ರಶ್ನೆಯು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ತಪ್ಪಬಾರದು. ಸಂಶಯವಿದ್ದಲ್ಲಿ ಕಿಣ್ವದ ಪರೀಕ್ಷೆ ನಡೆಯಲಿ, ಬದಲಿ ಔಷಧವೂ ಉಂಟು. ಎರಡನೆಯದಾಗಿ, ವಿನಾಯಿತಿ ಪಡೆದ ಔಷಧಗಳು ಮಾರುಕಟ್ಟೆಗೆ ಬಂದ ಮೇಲೆ ನಡೆಯತಕ್ಕ ಅಧ್ಯಯನದಲ್ಲಿ ಭಾರತದ ನಾನಾ ಪ್ರಾಂತ್ಯಗಳ, ನಾನಾ ಸಮುದಾಯಗಳ ಜನರು ಸೇರಿರಲಿ; ಫಲಿತಾಂಶವು ಬಹಿರಂಗವಾಗಲಿ. ಅನ್ಯರ ಮೈಯ ಅಳತೆಗೆ ಹೊಲಿದ ಅಂಗಿಯನ್ನು ಸರಿಹೊಂದಿಸದೆ ತೊಡಿಸುವುದು ಪ್ರಜಾಹಿತವೆನಿಸಲಾರದು.